ಬಿಳಿ ಸೆರಗು ಮತ್ತು ಬಸಿರಿನ ಆತಂಕ: ಪದೇ ಪದೇ ಕೇಳುವ ಪ್ರಶ್ನೆಗಳು

ಮಗುವಿನ ಕೆಮ್ಮಿಗೆ ಔಷಧಿ ಬರೆಸಿಕೊಂಡು, ಚೀಟಿಯನ್ನು ಮಡಚಿ ಕೈಯಲ್ಲಿ ಹಿಡಿದು, ಬಾಗಿಲವರೆಗೆ ಹೋದ ಮೇಲೆ ತಿರುಗಿ ನಿಂತು, ‘ಅಕ್ಕಾ, ಬಿಳಿ ಭಾಳ ಹೊಂಟೈತ್ರಿ, ಈ ತಿಂಗಳು ಮುಟ್ಟೂ ಆಗಿಲ್ರಿ’ ಎಂದು ಮೆಲ್ಲಗೆ ಹೇಳುವ ಹೆಣ್ಣುಮಕ್ಕಳು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಯಾವ ಆರೋಗ್ಯ ಕೇಂದ್ರದಲ್ಲಿ ಕುಳಿತರೂ ಕಾಣಸಿಗುತ್ತಾರೆ. ಆ ಒಂದು ಮಾತಿನಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿರುತ್ತವೆ: ಗರ್ಭ ನಿಂತಿದೆಯೇ ಎಂಬುದು ಒಂದು, ಒಳಗೆ ಸೋಂಕು ಆಗಿದೆಯೇ ಎಂಬುದು ಇನ್ನೊಂದು. ಇವೆರಡನ್ನೂ ಬೇರೆ ಮಾಡಿ ನೋಡಿದರೆ ಆತಂಕದ ಅರ್ಧ ಭಾರ ಇಳಿಯುತ್ತದೆ. ಕೆಳಗಿನ ಉತ್ತರಗಳನ್ನು ಆ ಉದ್ದೇಶದಿಂದಲೇ ಬರೆಯಲಾಗಿದೆ.

ಮುಟ್ಟು ತಡವಾಗಿದೆ, ಬಿಳಿಯೂ ಹೆಚ್ಚಾಗಿ ಹೋಗುತ್ತಿದೆ. ಇದು ಬಸಿರಿನ ಲಕ್ಷಣವೇ?

ಬಿಳಿ ಸೆರಗನ್ನು, ಅಂದರೆ ಯೋನಿಯಿಂದ ಹೋಗುವ ಬಿಳಿ ಸ್ರಾವವನ್ನು, ನೋಡಿ ಬಸಿರು ಇದೆ ಎಂದಾಗಲಿ, ಇಲ್ಲ ಎಂದಾಗಲಿ ಯಾರೂ ಹೇಳಲಾರರು. ನೂರಾರು ಹೆರಿಗೆ ಮಾಡಿಸಿದ ಸೂಲಗಿತ್ತಿಯೂ ಹೇಳಲಾರಳು, ಸ್ತ್ರೀರೋಗ ತಜ್ಞರೂ ಹೇಳಲಾರರು. ಗರ್ಭ ಧರಿಸಿದ ಮೇಲೆ ಈಸ್ಟ್ರೋಜೆನ್ ಹಾರ್ಮೋನು ಏರುವುದರಿಂದಲೂ, ಆ ಭಾಗಕ್ಕೆ ರಕ್ತಸಂಚಾರ ಹೆಚ್ಚುವುದರಿಂದಲೂ, ತೆಳುವಾದ ಹಾಲುಬಣ್ಣದ ಸ್ರಾವ ಜಾಸ್ತಿಯಾಗುವುದು ನಿಜ. ಆದರೆ ಮುಟ್ಟಿಗೆ ಕೆಲವು ದಿನ ಮೊದಲು ಬರುವ ಸ್ರಾವವೂ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ, ಕಾಪರ್‌-ಟಿ ಹಾಕಿಸಿಕೊಂಡವರಲ್ಲಿ ಅದು ಇನ್ನಷ್ಟು ಹೆಚ್ಚಬಹುದು. ಮುಟ್ಟಿನ ದಿನದ ಆಸುಪಾಸಿನಲ್ಲಿ ಗುಲಾಬಿ ಅಥವಾ ಕಂದು ಬಣ್ಣದ ಒಂದೆರಡು ಹನಿ ಕಂಡರೆ ಅದು ಗರ್ಭಕೋಶದಲ್ಲಿ ಭ್ರೂಣ ಅಂಟಿಕೊಂಡದ್ದರ ಗುರುತು ಎಂದು ಕೆಲವರು ನಂಬುತ್ತಾರೆ. ಹಾಗೆ ಆಗುವುದುಂಟು, ಆದರೆ ಬಹಳ ಮಂದಿ ಗರ್ಭಿಣಿಯರಲ್ಲಿ ಅದು ಕಾಣುವುದೇ ಇಲ್ಲ, ಬಸಿರಿಲ್ಲದವರಲ್ಲಿಯೂ ಕಾಣುತ್ತದೆ. ಆದ್ದರಿಂದ ದಿನಕ್ಕೆ ಹತ್ತು ಸಲ ಒಳ ಉಡುಪು ನೋಡಿಕೊಂಡು ಹೆದರುವುದರ ಬದಲು ಮೂತ್ರ ಪರೀಕ್ಷೆ ಮಾಡಿಕೊಳ್ಳುವುದು ಸರಿಯಾದ ದಾರಿ.

ಯಾವ ಸ್ರಾವವನ್ನು ಸಹಜ ಎಂದು ತಿಳಿಯಬೇಕು?

ಮೈನೆರೆದ ಹುಡುಗಿಯಿಂದ ಹಿಡಿದು ಮುಟ್ಟು ನಿಲ್ಲುವ ವಯಸ್ಸಿನವರೆಗೆ ಪ್ರತಿಯೊಬ್ಬ ಹೆಣ್ಣಿಗೂ ಸ್ವಲ್ಪ ಸ್ರಾವ ಇದ್ದೇ ಇರುತ್ತದೆ. ದಿನಕ್ಕೆ ಸುಮಾರು 1ರಿಂದ 4 ಮಿಲಿಲೀಟರ್‌ವರೆಗೆ, ಅಂದರೆ ಒಂದು ಚಿಕ್ಕ ಚಮಚಕ್ಕಿಂತ ಕಡಿಮೆ, ಬಿಳಿಯ ಅಥವಾ ಬಣ್ಣವಿಲ್ಲದ, ಕೆಟ್ಟ ವಾಸನೆಯಿಲ್ಲದ ಸ್ರಾವ ಸಹಜ. ಯೋನಿಯಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಆ ಜಾಗವನ್ನು ಆಮ್ಲೀಯವಾಗಿಟ್ಟು ರೋಗಾಣುಗಳನ್ನು ದೂರವಿಡುತ್ತವೆ. ಈ ಸ್ರಾವ ಆ ಕಾವಲಿನ ಒಂದು ಭಾಗ. ತಿಂಗಳ ನಡುವೆ, 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಸುಮಾರು 14ನೆಯ ದಿನದ ಹೊತ್ತಿಗೆ, ಅಂಡ ಬಿಡುಗಡೆಯಾಗುವಾಗ ಸ್ರಾವ ಹಸಿ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ ಎಳೆಎಳೆಯಾಗುತ್ತದೆ. ಅದನ್ನು ರೋಗವೆಂದು ತಿಳಿದು ಔಷಧಿ ಅಂಗಡಿಗೆ ಹೋಗುವವರು ಬಹಳ. ಅದು ರೋಗವಲ್ಲ, ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚಿರುವ ದಿನಗಳ ಸೂಚನೆ. ಒಣಗಿದ ಮೇಲೆ ಬಟ್ಟೆಯ ಮೇಲೆ ತಿಳಿಹಳದಿ ಕಲೆ ಉಳಿಯುವುದೂ ಸಹಜವೇ.

ಗರ್ಭ ಪರೀಕ್ಷೆಯನ್ನು ಯಾವಾಗ, ಹೇಗೆ ಮಾಡಬೇಕು?

ಮುಟ್ಟು ಬರಬೇಕಾದ ದಿನ ದಾಟಿದ ಮೇಲೆ ಮಾಡಬೇಕು. ಮುಟ್ಟಿನ ದಿನ ಪ್ರತಿ ತಿಂಗಳೂ ಹಿಂದುಮುಂದಾಗುವವರು ಕಾಂಡೋಮ್‌ನಂತಹ ರಕ್ಷಣೆಯಿಲ್ಲದೆ ಕೊನೆಯ ಸಲ ಕೂಡಿದ ದಿನದಿಂದ 21 ದಿನ ಎಣಿಸಿ ಮಾಡಿಕೊಳ್ಳಬಹುದು. ಅದಕ್ಕಿಂತ ಮೊದಲು ಮಾಡಿದ ಪರೀಕ್ಷೆಯಲ್ಲಿ ‘ಇಲ್ಲ’ ಎಂದು ಬಂದರೆ ಅದನ್ನು ನಂಬುವಂತಿಲ್ಲ, ಏಕೆಂದರೆ ಪರೀಕ್ಷೆಯ ಪಟ್ಟಿಯು ಗುರುತಿಸುವ ಎಚ್‌ಸಿಜಿ ಎಂಬ ಹಾರ್ಮೋನು ಭ್ರೂಣವು ಗರ್ಭಕೋಶಕ್ಕೆ ಅಂಟಿಕೊಂಡ ಮೇಲಷ್ಟೇ ಹುಟ್ಟುತ್ತದೆ, ಮತ್ತು ಅಂಡ ಬಿಡುಗಡೆಯಾಗಿ ಸಾಮಾನ್ಯವಾಗಿ 6ರಿಂದ 12 ದಿನಗಳ ನಂತರವೇ ಆ ಅಂಟಿಕೊಳ್ಳುವ ಕೆಲಸ ನಡೆಯುತ್ತದೆ.

‘ನಿಶ್ಚಯ್’ ಎಂಬ ಕಿಟ್ ಆಶಾ ಕಾರ್ಯಕರ್ತೆಯರ ಬಳಿ ಮತ್ತು ಉಪಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ. ಊರಿನವರ ಮುಂದೆ ಕೇಳಲು ಸಂಕೋಚವಿದ್ದರೆ ಯಾವ ಔಷಧಿ ಅಂಗಡಿಯಲ್ಲಾದರೂ ಇಂತಹ ಕಿಟ್ ದೊರೆಯುತ್ತದೆ, ವೈದ್ಯರ ಚೀಟಿ ಬೇಕಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮೊದಲ ಮೂತ್ರವನ್ನು ಒಣಗಿದ ಸ್ವಚ್ಛ ಬಟ್ಟಲಿನಲ್ಲಿ ಹಿಡಿಯಿರಿ. ಕಿಟ್ಟಿನ ಪೊಟ್ಟಣವನ್ನು ಆಗಲೇ ಹರಿಯಿರಿ, ಹಿಂದಿನ ರಾತ್ರಿಯೇ ಹರಿದಿಟ್ಟರೆ ಗಾಳಿಯ ತೇವ ತಾಗಿ ಪಟ್ಟಿ ಕೆಡುತ್ತದೆ. ಒಳಗಿರುವ ಪುಟ್ಟ ಪ್ಲಾಸ್ಟಿಕ್ ನಳಿಕೆಯಿಂದ ಗುಂಡಿಯಂತಹ ಜಾಗಕ್ಕೆ, ಪೊಟ್ಟಣದ ಮೇಲೆ ಹೇಳಿದಷ್ಟೇ ಹನಿಗಳನ್ನು ಬಿಟ್ಟು, ಕಿಟ್ಟನ್ನು ಸಮತಟ್ಟಾದ ಜಾಗದಲ್ಲಿ ಅಲುಗಾಡಿಸದೆ ಇಟ್ಟು, ಐದು ನಿಮಿಷ ಕಾಯಿರಿ. ‘ಸಿ’ ಅಕ್ಷರದ ಎದುರು ಒಂದೇ ಗೆರೆ ಬಂದರೆ ಗರ್ಭ ಕಂಡುಬಂದಿಲ್ಲ. ‘ಸಿ’ ಮತ್ತು ‘ಟಿ’ ಎರಡರ ಎದುರೂ ಗೆರೆ ಬಂದರೆ ಗರ್ಭವಿದೆ. ‘ಸಿ’ ಎದುರು ಗೆರೆಯೇ ಬರದಿದ್ದರೆ ಕಿಟ್ ಕೆಟ್ಟಿದೆ, ಹೊಸದರಲ್ಲಿ ಮತ್ತೆ ಮಾಡಬೇಕು. ಬಿಳಿ ಸೆರಗು ಎಷ್ಟೇ ಇದ್ದರೂ ಪರೀಕ್ಷೆಯ ಫಲ ಸಾಮಾನ್ಯವಾಗಿ ಬದಲಾಗುವುದಿಲ್ಲ, ಆದರೂ ಮೂತ್ರ ಹಿಡಿಯುವ ಮೊದಲು ಬರೀ ನೀರಿನಿಂದ ತೊಳೆದುಕೊಳ್ಳುವುದು ಒಳ್ಳೆಯದು.

‘ಟಿ’ ಗೆರೆ ತುಂಬಾ ಮಸುಕಾಗಿದೆ. ಏನೆಂದು ತಿಳಿಯಬೇಕು?

ಹೇಳಿದ ಸಮಯದೊಳಗೆ ಬಣ್ಣದ ಗೆರೆ ಕಂಡಿದ್ದರೆ, ಎಷ್ಟೇ ಮಸುಕಾಗಿದ್ದರೂ ಅದನ್ನು ಗರ್ಭವಿದೆ ಎಂದೇ ತಿಳಿದು ಎರಡು ಮೂರು ದಿನದಲ್ಲಿ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ. ಅರ್ಧ ಗಂಟೆಯ ನಂತರ ಮೂಡಿದ ಬೂದುಗೆರೆಗೆ ಬೆಲೆ ಕೊಡಬೇಡಿ.

ಪರೀಕ್ಷೆಯಲ್ಲಿ ಇಲ್ಲ ಎಂದು ಬಂದಿದೆ, ಆದರೂ ಮುಟ್ಟಾಗಿಲ್ಲ.

ಒಂದು ವಾರ ಬಿಟ್ಟು ಮತ್ತೆ ಪರೀಕ್ಷಿಸಿ. ಆಗಲೂ ಇಲ್ಲವೆಂದೇ ಬಂದರೆ ಬೇರೆ ಕಾರಣವನ್ನು ಹುಡುಕಬೇಕು: ಥೈರಾಯ್ಡ್ ತೊಂದರೆ, ಪಿಸಿಒಡಿ ಎಂಬ ಅಂಡಾಶಯದ ತೊಂದರೆ, ಇದ್ದಕ್ಕಿದ್ದಂತೆ ತೂಕ ಇಳಿದಿರುವುದು, ಮನಸ್ಸಿನ ಒತ್ತಡ, ಎದೆಹಾಲು ಕುಡಿಸುತ್ತಿರುವುದು. ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರಾ’ ಗರ್ಭನಿರೋಧಕ ಚುಚ್ಚುಮದ್ದು ಹಾಕಿಸಿಕೊಂಡವರಲ್ಲಿ ಮುಟ್ಟು ನಿಲ್ಲುವುದು ಸಾಮಾನ್ಯ, ಅದರಿಂದ ಹಾನಿಯಿಲ್ಲ. ಹೆದರಿಕೆಯಿಂದಲೇ ಮುಟ್ಟು ಕೆಲವು ದಿನ ಮುಂದಕ್ಕೆ ಹೋಗುವುದುಂಟು ಎಂಬುದನ್ನೂ ನೆನಪಿಡಿ.

ರಕ್ಷಣೆಯಿಲ್ಲದೆ ಕೂಡಿ ಒಂದೆರಡು ದಿನವಷ್ಟೇ ಆಗಿದೆ. ಈಗ ಏನಾದರೂ ಮಾಡಬಹುದೇ?

ಮಾಡಬಹುದು, ಮತ್ತು ಇಲ್ಲಿ ತಡ ಮಾಡಬಾರದು. ವೀರ್ಯಾಣುಗಳು ಹೆಣ್ಣಿನ ದೇಹದೊಳಗೆ ಐದು ದಿನದವರೆಗೂ ಬದುಕಿರಬಲ್ಲವು; ಆದ್ದರಿಂದ ಕೂಡಿದ ದಿನವೇ ಅಂಡ ಬಿಡುಗಡೆಯಾಗಿರಬೇಕೆಂದಿಲ್ಲ. ಲೆವೊನಾರ್‌ಜೆಸ್ಟ್ರೆಲ್ 1.5 ಮಿಲಿಗ್ರಾಂನ ತುರ್ತು ಗರ್ಭನಿರೋಧಕ ಮಾತ್ರೆಯನ್ನು 72 ಗಂಟೆಗಳೊಳಗೆ, ಸಾಧ್ಯವಾದಷ್ಟು ಬೇಗ, ತೆಗೆದುಕೊಳ್ಳಬೇಕು. ಔಷಧಿ ಅಂಗಡಿಗಳಲ್ಲಿ ಇದು ಚೀಟಿಯಿಲ್ಲದೆ ಸಿಗುತ್ತದೆ, ಆಶಾ ಕಾರ್ಯಕರ್ತೆಯರ ಬಳಿಯೂ ಇರುತ್ತದೆ. ಐದು ದಿನದೊಳಗೆ ಕಾಪರ್‌-ಟಿ ಹಾಕಿಸಿಕೊಂಡರೆ ಅದು ಮಾತ್ರೆಗಿಂತಲೂ ಹೆಚ್ಚು ಖಚಿತ. ಮಾತ್ರೆ ನುಂಗಿದ ಮೇಲೆ ಮುಂದಿನ ಮುಟ್ಟು ಕೆಲವು ದಿನ ಹಿಂದುಮುಂದಾಗಬಹುದು, ನಡುವೆ ರಕ್ತದ ಹನಿ ಕಾಣಬಹುದು, ಸ್ರಾವ ಬದಲಾಗಬಹುದು; ಇದನ್ನು ಮೊದಲೇ ತಿಳಿದಿದ್ದರೆ ಎಷ್ಟೋ ಆತಂಕ ತಪ್ಪುತ್ತದೆ. ಮೂರು ವಾರವಾದರೂ ಮುಟ್ಟಾಗದಿದ್ದರೆ ಗರ್ಭ ಪರೀಕ್ಷೆ ಮಾಡಿಕೊಳ್ಳಿ. ಈ ಮಾತ್ರೆ ಈಗಾಗಲೇ ನಿಂತ ಗರ್ಭವನ್ನು ತೆಗೆಯುವುದಿಲ್ಲ.

ಸ್ರಾವದ ಬಣ್ಣ, ವಾಸನೆ ಬದಲಾಗಿದೆ. ಯಾವುದು ಯಾವ ಸೋಂಕು?

ಮೊಸರು ಒಡೆದಂತೆ ಗಟ್ಟಿಯಾದ ಬಿಳಿ ಸ್ರಾವ, ಅದರೊಂದಿಗೆ ತಡೆಯಲಾಗದ ತುರಿಕೆ, ಉರಿ, ಚರ್ಮ ಕೆಂಪಾಗುವುದು ಇದ್ದರೆ ಅದು ಹೆಚ್ಚಾಗಿ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು; ಕೆಟ್ಟ ವಾಸನೆ ಇರುವುದಿಲ್ಲ. ಗರ್ಭಿಣಿಯರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಬೇರೆ ಯಾವುದೋ ಜ್ವರಕ್ಕೆ ಆಂಟಿಬಯಾಟಿಕ್ ನುಂಗಿದವರಲ್ಲಿ ಇದು ಹೆಚ್ಚು. ಪದೇ ಪದೇ ಮರುಕಳಿಸುತ್ತಿದ್ದರೆ ರಕ್ತದ ಸಕ್ಕರೆಯನ್ನು ಒಮ್ಮೆ ನೋಡಿಸಲೇಬೇಕು.

ತೆಳ್ಳನೆಯ, ಬೂದುಬಿಳಿ ಬಣ್ಣದ, ಮೀನಿನ ವಾಸನೆಯ ಸ್ರಾವ, ಅದರಲ್ಲೂ ಕೂಡಿದ ನಂತರ ವಾಸನೆ ಹೆಚ್ಚಾಗುವುದು, ಯೋನಿಯ ಒಳ್ಳೆಯ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದ್ದನ್ನು ತೋರಿಸುತ್ತದೆ. ಹಳದಿ ಇಲ್ಲವೇ ಹಸಿರು ಛಾಯೆಯ, ನೊರೆಯಂತಹ, ವಾಸನೆಯ ಸ್ರಾವವು ಟ್ರೈಕೊಮೊನಾಸ್ ಎಂಬ ಪರಾವಲಂಬಿಯಿಂದ ಬರಬಹುದು, ಇದು ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಗೊನೊರಿಯಾ ಮತ್ತು ಕ್ಲಮೈಡಿಯಾ ಎಂಬ ಲೈಂಗಿಕ ಸೋಂಕುಗಳು ಹಲವು ಹೆಣ್ಣುಮಕ್ಕಳಲ್ಲಿ ಯಾವ ಲಕ್ಷಣವನ್ನೂ ತೋರಿಸದೆ ಒಳಗೇ ಉಳಿದು, ಮುಂದೆ ಗರ್ಭನಾಳಗಳಿಗೆ ಹಾನಿ ಮಾಡಿ ಮಕ್ಕಳಾಗದಂತೆ ಮಾಡಬಲ್ಲವು. ಅವನ್ನು ನಾನು ಹೆಚ್ಚು ಒತ್ತಿ ಹೇಳಲು ಕಾರಣ ಇದೇ. ಕಿಬ್ಬೊಟ್ಟೆ ನೋವು, ಜ್ವರ, ಕೂಡುವಾಗ ನೋವು ಅಥವಾ ರಕ್ತ ಕಂಡರೆ ಆ ದಿನವೇ ವೈದ್ಯರಲ್ಲಿಗೆ ಹೋಗಬೇಕು.

ಬಣ್ಣ ನೋಡಿ ನೀವೇ ರೋಗ ನಿರ್ಧರಿಸಿ ಮಾತ್ರೆ ತೆಗೆದುಕೊಳ್ಳಲು ಇದನ್ನು ಹೇಳಿದ್ದಲ್ಲ, ವೈದ್ಯರ ಮುಂದೆ ಸರಿಯಾಗಿ ವಿವರಿಸಲು ಹೇಳಿದ್ದು. ಎರಡು ಸೋಂಕುಗಳು ಒಟ್ಟಿಗೆ ಇರುವುದೂ ಸಾಮಾನ್ಯ.

ಗರ್ಭ ಇದೆಯೋ ಇಲ್ಲವೋ ತಿಳಿಯುವ ಮೊದಲೇ ಬಿಳಿ ಸೆರಗಿಗೆ ಮಾತ್ರೆ ತೆಗೆದುಕೊಳ್ಳಬಹುದೇ?

ಮೊದಲು ಗರ್ಭ ಪರೀಕ್ಷೆ, ಆಮೇಲೆ ಮಾತ್ರೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಯೋನಿ ಸ್ರಾವಕ್ಕೆ ಕೊಡುವ ಹಸಿರು ಬಣ್ಣದ ಕಿಟ್ಟಿನಲ್ಲಿ ಸೆಕ್ನಿಡಜೋಲ್ ಮತ್ತು ಫ್ಲುಕೊನಜೋಲ್ ಮಾತ್ರೆಗಳಿರುತ್ತವೆ. ಫ್ಲುಕೊನಜೋಲ್ ನುಂಗುವುದನ್ನು ಗರ್ಭಾವಸ್ಥೆಯಲ್ಲಿ ತಪ್ಪಿಸಲಾಗುತ್ತದೆ, ಅದರ ಬದಲು ಯೋನಿಯೊಳಗೆ ಇಡುವ ಕ್ಲೊಟ್ರಿಮಜೋಲ್ ಮಾತ್ರೆಯನ್ನು ಕೊಡುತ್ತಾರೆ. ಹಾಗೆಯೇ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಕೂಡ ಗರ್ಭಿಣಿಯರಿಗೆ ತಕ್ಕದ್ದಲ್ಲ. ಆದ್ದರಿಂದ ಕೊನೆಯ ಮುಟ್ಟಿನ ದಿನವನ್ನು ವೈದ್ಯರಿಗೆ ತಪ್ಪದೆ ಹೇಳಿ. ತಾರೀಖು ನೆನಪಿಲ್ಲದಿದ್ದರೆ ಅಮಾವಾಸ್ಯೆ, ಹುಲಿಗಿಯ ಹುಣ್ಣಿಮೆ, ಗವಿಮಠದ ಜಾತ್ರೆ, ಊರಿನ ಸಂತೆ, ಯಾವ ಲೆಕ್ಕವಾದರೂ ನಡೆಯುತ್ತದೆ. ನರ್ಸ್ ಅದನ್ನು ಕ್ಯಾಲೆಂಡರಿಗೆ ಹೊಂದಿಸಿಕೊಳ್ಳುತ್ತಾರೆ.

‘ಉಷ್ಣ’ಕ್ಕೆ ಬಿಳಿ ಹೋಗುತ್ತದೆ, ಅದರಿಂದ ಎಲುಬು ಸವೆಯುತ್ತದೆ ಎನ್ನುತ್ತಾರೆ. ನಿಜವೇ?

ಎಲುಬು ಕರಗಿ ಬಿಳಿಯಾಗಿ ಹೋಗುತ್ತದೆ ಎಂಬುದು ನಮ್ಮ ಭಾಗದಲ್ಲಿ ತಾಯಿಯಿಂದ ಮಗಳಿಗೆ ಬಂದ ಭಯ, ಅದರಲ್ಲಿ ಸತ್ಯವಿಲ್ಲ. ಸ್ರಾವ ಬರುವುದು ಯೋನಿ ಮತ್ತು ಗರ್ಭಕೋಶದ ಕೊರಳಿನಿಂದ, ಎಲುಬಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಸೊಂಟ ನೋವು, ಸುಸ್ತು, ಕಣ್ಣು ಕತ್ತಲೆ ಬರುವುದು ಎಂದು ಹೇಳುವ ಹೆಣ್ಣುಮಕ್ಕಳು ಸುಳ್ಳು ಹೇಳುತ್ತಿಲ್ಲ. ಅವರಲ್ಲಿ ಬಹಳ ಮಂದಿಗೆ ರಕ್ತಹೀನತೆ ಇರುತ್ತದೆ. ಮನೆಯವರೆಲ್ಲ ಉಂಡ ಮೇಲೆ ಉಳಿದ ರೊಟ್ಟಿ, ಚಟ್ನಿಪುಡಿಯಲ್ಲಿ ಊಟ ಮುಗಿಸಿ ಹೊಲಕ್ಕೆ ಹೋಗುವ ಹೆಣ್ಣಿಗೆ ಸುಸ್ತಾಗದೆ ಇದ್ದೀತೇ? ಹಿಮೋಗ್ಲೋಬಿನ್ ನೋಡಿಸಿ, ಕಬ್ಬಿಣಾಂಶದ ಮಾತ್ರೆ ನುಂಗಿ.

ಬೇಸಿಗೆಯಲ್ಲಿ ರಾಯಚೂರಿನ ಬಿಸಿಲಿಗೆ ಬೆವರು ಹೆಚ್ಚಿ, ಕುಡಿಯುವ ನೀರು ಕಡಿಮೆಯಾದಾಗ ಮೂತ್ರ ಉರಿಯುವುದುಂಟು. ಅದು ಮೂತ್ರದ ತೊಂದರೆ, ಬಿಳಿ ಸೆರಗಿನೊಂದಿಗೆ ಅದನ್ನು ಬೆರೆಸಬಾರದು. ಅಕ್ಕಿ ತೊಳೆದ ನೀರು, ಮೆಂತ್ಯ, ಗುಲ್ಕನ್ ತಂಪು ಎಂದು ತೆಗೆದುಕೊಂಡರೆ ನನ್ನ ಆಕ್ಷೇಪವಿಲ್ಲ; ಅವು ಸೋಂಕನ್ನು ವಾಸಿ ಮಾಡುತ್ತವೆ ಎಂದು ನಂಬಿ ತಿಂಗಳುಗಟ್ಟಲೆ ಕಾಯುವುದಕ್ಕೆ ಆಕ್ಷೇಪವಿದೆ.

ಭತ್ತದ ನಾಟಿಗೆ ದಿನವಿಡೀ ನೀರಿನಲ್ಲಿ ನಿಲ್ಲುತ್ತೇವೆ. ಅದರಿಂದ ಹೀಗಾಗುತ್ತದೆಯೇ?

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಕಾಲುವೆ ನೀರಿನ ಗದ್ದೆಗಳಲ್ಲಿ ದುಡಿಯುವವರು ಇದನ್ನು ಕೇಳುತ್ತಾರೆ. ಕೆಸರು ನೀರಿನಲ್ಲಿ ನಿಂತ ಮಾತ್ರಕ್ಕೆ ಗರ್ಭಕೋಶಕ್ಕೆ ರೋಗ ಹೋಗುವುದಿಲ್ಲ. ಆದರೆ ಹಸಿ ಬಟ್ಟೆಯಲ್ಲೇ ಬೆಳಗಿನಿಂದ ಸಂಜೆಯವರೆಗೆ ಇದ್ದರೆ ತೊಡೆಸಂದಿಯ ಚರ್ಮ ಮೆತ್ತಗಾಗಿ ಶಿಲೀಂಧ್ರ ಬೆಳೆಯಲು ಅನುಕೂಲವಾಗುತ್ತದೆ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ಬೆವರಿನಲ್ಲಿ ಕುಳಿತು ದುಡಿಯುವವರಿಗೂ ಇದೇ ತೊಂದರೆ. ಕೆಲಸ ಮುಗಿದ ಕೂಡಲೇ ಒಣಗಿದ ಹತ್ತಿಯ ಒಳ ಉಡುಪು ಹಾಕಿಕೊಳ್ಳಿ.

ಮುಟ್ಟಿನ ಬಟ್ಟೆಯನ್ನು ಯಾರಿಗೂ ಕಾಣಬಾರದೆಂದು ಬಚ್ಚಲ ಮೂಲೆಯಲ್ಲಿ, ಹಗ್ಗದ ಮೇಲಿನ ಸೀರೆಯ ಅಡಿಯಲ್ಲಿ ಒಣಹಾಕುವ ರೂಢಿ ಇನ್ನೂ ಇದೆ. ಅಲ್ಲಿ ಬಟ್ಟೆ ಮುಟ್ಟಿದರೆ ತಣ್ಣಗಿರುತ್ತದೆ, ಪೂರ್ತಿ ಒಣಗಿರುವುದೇ ಇಲ್ಲ. ಸಾಬೂನಿನಲ್ಲಿ ಒಗೆದು ಬಿಸಿಲಿಗೆ ಹರವಿ. ನಮ್ಮ ಊರುಗಳಲ್ಲಿ ಬಿಸಿಲಿಗೇನೂ ಬರವಿಲ್ಲ.

ಯೋನಿಯೊಳಗೆ ಸಾಬೂನು, ಡೆಟಾಲ್, ಪಟಿಕದ ನೀರು ಹಾಕಿ ತೊಳೆಯಬಹುದೇ?

ಬೇಡ. ಹೊರಭಾಗವನ್ನು ಬರೀ ನೀರಿನಿಂದ, ಮುಂದಿನಿಂದ ಹಿಂದಕ್ಕೆ ತೊಳೆದರೆ ಸಾಕು. ಒಳಗೆ ಏನು ಹಾಕಿ ತೊಳೆದರೂ ಕಾವಲಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಸತ್ತು ಸೋಂಕು ಹೆಚ್ಚುತ್ತದೆ. ಕೂಡಿದ ನಂತರ ಹೀಗೆ ತೊಳೆದರೆ ಗರ್ಭ ನಿಲ್ಲುವುದಿಲ್ಲ ಎಂಬುದೂ ತಪ್ಪು.

ಗಂಡನಿಗೂ ಚಿಕಿತ್ಸೆ ಬೇಕೇ?

ಟ್ರೈಕೊಮೊನಾಸ್, ಗೊನೊರಿಯಾ, ಕ್ಲಮೈಡಿಯಾ ಆಗಿದ್ದರೆ ಖಂಡಿತ ಬೇಕು, ಇಬ್ಬರೂ ಒಟ್ಟಿಗೆ ಮಾತ್ರೆ ತೆಗೆದುಕೊಂಡು ಮುಗಿಯುವವರೆಗೆ ಕೂಡಬಾರದು. ಇಲ್ಲವಾದರೆ ಒಬ್ಬರಿಂದ ಇನ್ನೊಬ್ಬರಿಗೆ ಸೋಂಕು ಮರಳಿ ಬರುತ್ತದೆ. ಶಿಲೀಂಧ್ರದ ಸೋಂಕಿಗೆ, ಅವನಿಗೂ ತುರಿಕೆ ಇಲ್ಲದಿದ್ದರೆ, ಸಾಮಾನ್ಯವಾಗಿ ಬೇಕಿಲ್ಲ. ‘ನನಗೇನೂ ಆಗಿಲ್ಲ’ ಎನ್ನುವ ಗಂಡಸಿನಲ್ಲಿಯೂ ಸೋಂಕು ಇರಬಹುದು. ತಿಂಗಳುಗಟ್ಟಲೆ ಹೊರಗೆ ದುಡಿಯಲು ಹೋಗಿ ಬಂದ ಗಂಡನನ್ನು ಆಸ್ಪತ್ರೆಗೆ ಕರೆತರುವ ಹೊರೆಯನ್ನು ಹೆಂಡತಿಯೊಬ್ಬಳ ಮೇಲೆ ಹಾಕುವುದು ನ್ಯಾಯವಲ್ಲ. ಆಪ್ತ ಸಮಾಲೋಚಕರು ಆ ಮಾತನ್ನು ಅವನಿಗೆ ಹೇಳಬಲ್ಲರು, ಅವರ ಸಹಾಯ ಕೇಳಿ.

ಗರ್ಭ ಖಚಿತವಾಗಿದೆ. ಈಗ ಯಾವ ಸ್ರಾವಕ್ಕೆ ಹೆದರಬೇಕು?

ತೆಳ್ಳನೆಯ ಬಿಳಿ ಸ್ರಾವಕ್ಕೆ ಹೆದರಬೇಕಿಲ್ಲ. ರಕ್ತ ಯಾವ ತಿಂಗಳಲ್ಲಿ ಕಂಡರೂ ತೋರಿಸಬೇಕು. ಮೊದಲ ಮೂರು ತಿಂಗಳಲ್ಲಿ ಹೊಟ್ಟೆಯ ಒಂದು ಬದಿಗೆ ತೀವ್ರ ನೋವು, ಭುಜದ ತುದಿಯಲ್ಲಿ ನೋವು, ತಲೆ ಸುತ್ತಿ ಬೀಳುವಂತಾಗುವುದು ಕಂಡರೆ ಗರ್ಭವು ಗರ್ಭಕೋಶದಲ್ಲಿರದೆ ನಾಳದಲ್ಲಿ ನಿಂತಿರಬಹುದು. ನಾಳ ಒಡೆದರೆ ಪ್ರಾಣಾಪಾಯ, ತಕ್ಷಣ 108ಕ್ಕೆ ಕರೆ ಮಾಡಿ. ದಿನ ತುಂಬುವ ಮೊದಲೇ ನೀರಿನಂತೆ ಒಮ್ಮೆಲೇ ಸುರಿದರೆ ಅಥವಾ ಬಟ್ಟೆ ಸತತವಾಗಿ ಒದ್ದೆಯಾಗುತ್ತಿದ್ದರೆ ನೆತ್ತಿನೀರು, ಅಂದರೆ ಹೊಟ್ಟೆಯಲ್ಲಿ ಮಗುವಿನ ಸುತ್ತ ಇರುವ ನೀರು, ಹೋಗುತ್ತಿರಬಹುದು, ಬೆಳಗಾಗುವವರೆಗೆ ಕಾಯಬೇಡಿ. ಇನ್ನು ಉಳಿದಂತೆ, ಬೇಗನೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ ಮಾಡಿಸಿಕೊಳ್ಳಿ.

ಮದುವೆಯಾಗಿಲ್ಲ. ಆಸ್ಪತ್ರೆಗೆ ಹೋದರೆ ಮನೆಯವರಿಗೆ ಹೇಳುತ್ತಾರೆಯೇ?

18 ವರ್ಷ ತುಂಬಿದವಳ ವಿಷಯವನ್ನು ಅವಳ ಒಪ್ಪಿಗೆಯಿಲ್ಲದೆ ತಂದೆತಾಯಿಗೂ ಹೇಳುವಂತಿಲ್ಲ. ಗರ್ಭಪಾತಕ್ಕೂ ಅವಳೊಬ್ಬಳ ಸಹಿ ಸಾಕು, ಗಂಡನ ಅಥವಾ ತಂದೆಯ ಸಹಿ ಬೇಕಿಲ್ಲ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾಗಿ, 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ, ಕೆಲವು ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ ಅವಕಾಶವಿದೆ. ಆ ಅವಕಾಶ ಅವಿವಾಹಿತರಿಗೂ ಇದೆ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ಹೆಸರನ್ನು ಗುಟ್ಟಾಗಿಡುವುದು ಕಾನೂನಿನ ಪ್ರಕಾರವೇ ಕಡ್ಡಾಯ.

18 ತುಂಬದವಳಾದರೆ ಗರ್ಭಪಾತಕ್ಕೆ ಪೋಷಕರ ಒಪ್ಪಿಗೆ ಬೇಕು, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಂತೆ ವೈದ್ಯರು ಪೊಲೀಸರಿಗೆ ತಿಳಿಸಬೇಕಾಗುತ್ತದೆ. ಆದರೆ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ಆ ವರದಿಯಲ್ಲಿ ಅವಳ ಹೆಸರು, ಗುರುತು ಬರೆಯಬೇಕಿಲ್ಲ ಎಂದು ಅದೇ ತೀರ್ಪಿನಲ್ಲಿ ಹೇಳಲಾಗಿದೆ. ಯಾರಾದರೂ ಬಲವಂತ ಮಾಡಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ. ತಪ್ಪು ನಿನ್ನದಲ್ಲ, ತಂಗಿ. ಮನೆಯಲ್ಲಿ ಹೇಳಲು ಒಬ್ಬರಾದರೂ ಇರುತ್ತಾರೆ, ಅಕ್ಕನೋ, ಅತ್ತಿಗೆಯೋ, ಚಿಕ್ಕಮ್ಮನೋ, ಅವರನ್ನು ಜೊತೆಗೆ ಕರೆದುಕೊಂಡು ಹೋಗು.

ಬಸಿರು ಬೇಡವಾದರೆ ಔಷಧಿ ಅಂಗಡಿಯಿಂದ ಮಾತ್ರೆ ತಂದು ನುಂಗಬಹುದೇ?

ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಮಾತ್ರೆಗಳು ಒಳ್ಳೆಯವೇ, ನಮ್ಮಲ್ಲಿ 9 ವಾರದವರೆಗಿನ ಗರ್ಭಕ್ಕೆ ವೈದ್ಯರು ಅವನ್ನೇ ಕೊಡುತ್ತಾರೆ. ಅಪಾಯವಿರುವುದು ವಾರಗಳ ಲೆಕ್ಕ ಗೊತ್ತಿಲ್ಲದೆ, ನಾಳದ ಗರ್ಭವೋ ಎಂದು ನೋಡಿಸದೆ, ರಕ್ತಹೀನತೆ ಇದ್ದೂ ಒಬ್ಬಳೇ ನುಂಗುವುದರಲ್ಲಿ. ಪಪ್ಪಾಯಿ, ಎಳ್ಳು, ಬೆಲ್ಲವನ್ನು ನಂಬಿ ವಾರಗಳನ್ನು ಕಳೆದುಕೊಳ್ಳಬೇಡಿ. ಗಿಡಮೂಲಿಕೆಯ ಕಡ್ಡಿಯನ್ನು ಒಳಗಿಡುವವರ ಬಳಿಗೆ ಎಂದಿಗೂ ಹೋಗಬೇಡಿ, ಅದರಿಂದ ಹೆಣ್ಣುಮಕ್ಕಳು ಸತ್ತಿದ್ದಾರೆ.

ಎಲ್ಲಿಗೆ ಹೋಗಬೇಕು?

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಊರಿನಲ್ಲಿ ಪರಿಚಯದವರು ನೋಡುತ್ತಾರೆಂಬ ಭಯವಿದ್ದರೆ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಶಕ್ತಿ ಯೋಜನೆ ಬಂದ ಮೇಲೆ ದೇವದುರ್ಗದಿಂದ ರಾಯಚೂರಿಗೆ, ಕುಷ್ಟಗಿಯಿಂದ ಕೊಪ್ಪಳಕ್ಕೆ ಹೋಗಲು ಬಸ್ಸಿನ ದುಡ್ಡನ್ನು ಯಾರ ಬಳಿಯೂ ಕೇಳಬೇಕಿಲ್ಲ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಸ್ತ್ರೀರೋಗ ವಿಭಾಗಗಳಿವೆ. ಲೈಂಗಿಕ ಸೋಂಕುಗಳಿಗೆ ಸುರಕ್ಷಾ ಕ್ಲಿನಿಕ್, ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಎಂದು ಕೇಳಿ. ಮುಖ ತೋರಿಸದೆ ಮಾತನಾಡಬೇಕೆಂದರೆ 104 ಆರೋಗ್ಯ ಸಹಾಯವಾಣಿ ಇದೆ.

ಮುಟ್ಟು ನಿಂತು ವರ್ಷಗಳಾಗಿವೆ, ಈಗ ಸ್ರಾವ ಶುರುವಾಗಿದೆ.

ಬಸಿರಿನ ಚಿಂತೆ ಇಲ್ಲಿ ಇಲ್ಲ, ಆದರೆ ಹೆಚ್ಚು ಎಚ್ಚರ ಬೇಕು. ರಕ್ತ ಬೆರೆತ ಅಥವಾ ದುರ್ವಾಸನೆಯ ನೀರಿನಂತಹ ಸ್ರಾವ ಗರ್ಭಕೋಶದ ಕೊರಳಿನ ಕ್ಯಾನ್ಸರ್‌ನ ಸೂಚನೆಯಾಗಿರಬಹುದು. ತೊಂದರೆ ಇರಲಿ ಬಿಡಲಿ, 30 ವರ್ಷ ದಾಟಿದವರೆಲ್ಲ ತಪಾಸಣೆ ಮಾಡಿಸಿಕೊಳ್ಳಬೇಕು.

ಒಳಗೆ ಪರೀಕ್ಷೆ ಮಾಡುತ್ತಾರೆ ಎಂಬ ಹೆದರಿಕೆಯಿದೆ. ಏನು ಮಾಡುತ್ತಾರೆ?

ಮೊದಲು ಕೇಳುತ್ತಾರೆ: ಕೊನೆಯ ಮುಟ್ಟು ಯಾವಾಗ, ಸ್ರಾವ ಎಷ್ಟು ದಿನದಿಂದ, ಬಣ್ಣ ವಾಸನೆ ಹೇಗೆ, ಕೂಡಿದ್ದೀರಾ ಇಲ್ಲವೇ. ಕೊನೆಯ ಪ್ರಶ್ನೆ ಚಿಕಿತ್ಸೆಗಾಗಿ ಕೇಳುವುದು, ನಡತೆಯನ್ನು ಅಳೆಯಲು ಅಲ್ಲ. ನಿಜ ಹೇಳಿದರೆ ಸರಿಯಾದ ಮಾತ್ರೆ ಸಿಗುತ್ತದೆ. ಇದುವರೆಗೆ ಕೂಡದ ಹುಡುಗಿಗೆ ಒಳಗಿನ ಪರೀಕ್ಷೆ ಸಾಮಾನ್ಯವಾಗಿ ಮಾಡುವುದಿಲ್ಲ. ಉಳಿದವರಿಗೆ ಸ್ಪೆಕ್ಯುಲಮ್ ಎಂಬ ಉಪಕರಣವನ್ನು ಒಳಗಿಟ್ಟು, ಬೆಳಕು ಬಿಟ್ಟು ಗರ್ಭಕೋಶದ ಕೊರಳನ್ನು ನೋಡಿ, ಬೇಕಿದ್ದರೆ ಹತ್ತಿಯ ಕಡ್ಡಿಯಲ್ಲಿ ಸ್ವಲ್ಪ ಸ್ರಾವ ತೆಗೆದುಕೊಳ್ಳುತ್ತಾರೆ. ಕೆಲವೇ ನಿಮಿಷದ ಕೆಲಸ. ಮೈ ಬಿಗಿ ಹಿಡಿಯದೆ ನಿಧಾನವಾಗಿ ಉಸಿರಾಡಿದರೆ ನೋವು ಅಷ್ಟಾಗಿ ಆಗುವುದಿಲ್ಲ. ವೈದ್ಯರು ಗಂಡಸಾಗಿದ್ದರೆ ಪಕ್ಕದಲ್ಲಿ ನರ್ಸ್ ಇರಬೇಕೆಂದು ಕೇಳುವುದು ನಿಮ್ಮ ಹಕ್ಕು, ನಡುವೆ ಸಾಕೆನಿಸಿದರೆ ನಿಲ್ಲಿಸಿ ಎನ್ನುವುದೂ ನಿಮ್ಮ ಹಕ್ಕು. ಮುಟ್ಟಿನ ದಿನಗಳನ್ನು ಬಿಟ್ಟು ಹೋಗಿ, ಮತ್ತು ಹಿಂದಿನ ದಿನ ಯೋನಿಯೊಳಗೆ ಯಾವ ಮುಲಾಮನ್ನೂ ಹಚ್ಚಿಕೊಳ್ಳಬೇಡಿ, ಇಲ್ಲವಾದರೆ ಸೋಂಕಿನ ಗುರುತು ಮರೆಯಾಗುತ್ತದೆ.